ರಿಸ್ಕ್ ಸರ್ವೇ ತಂಡಕ್ಕೆ ಸೇರಿದ್ದೇನೆ, ಮೊದಲು ಏನು ಕಲಿಯಬೇಕು?

ಬದಿಯಡ್ಕದವ:
ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ, ಎರಡು ವರ್ಷ ವರ್ಕ್‌ಶಾಪ್‌ನಲ್ಲಿದ್ದೆ. ಈಗ ಮಂಗಳೂರಿನ ಒಂದು ಏಜೆನ್ಸಿಯಲ್ಲಿ ಕೆಲಸ ಸಿಕ್ಕಿದೆ. ಫ್ಯಾಕ್ಟರಿ, ಗೋದಾಮುಗಳಿಗೆ ವಿಮೆ ಕೊಡುವ ಮೊದಲು ಹೋಗಿ ನೋಡಿ ವರದಿ ಬರೆಯುವ ತಂಡ. ನನಗೆ ಸಿಕ್ಕಿರುವುದು ಕಾಸರಗೋಡು ಕಡೆಯ ಸೈಟುಗಳು. ಟ್ರೈನಿಂಗ್ ಮೂರೇ ದಿನ, ಅದರಲ್ಲಿ ಒಂದೂವರೆ ದಿನ ಮೊಬೈಲ್ ಆ್ಯಪ್ ತುಂಬುವುದು ಹೇಗೆ ಅಂತಲೇ ಹೋಯ್ತು. ಸೋಮವಾರದಿಂದ ಫೀಲ್ಡ್. ಸ್ವಲ್ಪ ಹೆದರಿಕೆ ಇದೆ. ಇದಕ್ಕೆ ಲೈಸೆನ್ಸ್ ಬೇಕಾ? ಸ್ವಂತ ದುಡ್ಡು ಹಾಕಿ ಥರ್ಮಲ್ ಕ್ಯಾಮೆರಾ ಕೋರ್ಸ್ ಮಾಡಲಾ?

ಪೆರ್ಲ ಟು ಪಣಂಬೂರು:
ನಾನು ಇದೇ ಕೆಲಸದಲ್ಲಿ 14 ವರ್ಷ ಇದ್ದೇನೆ. ಆ್ಯಪ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಒಂದು ವಾರದಲ್ಲಿ ಕೈಗೆ ಬರುತ್ತದೆ. ತೊಂದರೆ ಏನೆಂದರೆ ಆ್ಯಪ್ ಕೇಳಿದ್ದನ್ನು ಮಾತ್ರ ನೋಡುವ ಅಭ್ಯಾಸ ಆಗಿಬಿಡುತ್ತದೆ.

ನೋಡಬೇಕಾದ್ದು ನಾಲ್ಕು. ಕಟ್ಟಡ ಯಾವುದರದು, ಒಳಗೆ ಏನು ಕೆಲಸ ನಡೆಯುತ್ತದೆ, ಬೆಂಕಿ ಆರಿಸಲು ಏನಿದೆ, ಸುತ್ತಮುತ್ತ ಏನಿದೆ. ಈ ನಾಲ್ಕರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಕೋಪ್ (COPE) ಅಂತ ನಿಮಗೂ ಹೇಳಿಕೊಟ್ಟಿರುತ್ತಾರೆ. ಬಾಯಿಪಾಠ ಮಾಡುವುದು ಸುಲಭ, ಸೈಟಲ್ಲಿ ಕಾಣುವುದು ಕಷ್ಟ. ಉದಾಹರಣೆಗೆ, ಎರಡು ಗೋದಾಮಿನ ನಡುವೆ ಗಟ್ಟಿ ಮುರಕಲ್ಲಿನ ಗೋಡೆ ಇದೆ, ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದು ಉಳಿಯುತ್ತದೆ ಅಂತ ಬರೆದು ಬರುತ್ತೇವೆ. ಟಾರ್ಚ್ ಹಾಕಿ ಮೇಲೆ ನೋಡಿದರೆ ಕೇಬಲ್ ಎಳೆಯಲು ಎರಡು ಕಲ್ಲು ತೆಗೆದಿರುತ್ತಾರೆ, ಅಥವಾ ಗೋಡೆ ಮಾಡಿನವರೆಗೆ ಮುಟ್ಟಿರುವುದೇ ಇಲ್ಲ. ಆಗ ಅದು ಎರಡು ಗೋದಾಮಲ್ಲ, ಒಂದೇ. ಗರಿಷ್ಠ ನಷ್ಟದ ಲೆಕ್ಕ ಅಲ್ಲಿಗೇ ಡಬಲ್. ವಿಮಾ ಕಂಪನಿ ಎಷ್ಟು ಹೊರೆ ತಾನೇ ಇಟ್ಟುಕೊಳ್ಳಬೇಕು, ಎಷ್ಟನ್ನು ರೀಇನ್ಶೂರೆನ್ಸ್‌ಗೆ (ವಿಮಾ ಕಂಪನಿಗೇ ವಿಮೆ ಕೊಡುವವರಿಗೆ) ದಾಟಿಸಬೇಕು ಅಂತ ತೀರ್ಮಾನಿಸುವುದು ಈ ಅಂಕಿ ಹಿಡಿದುಕೊಂಡೇ.

ಕ್ಯಾಮೆರಾ ಕೋರ್ಸ್ ಒಳ್ಳೆಯದೇ, ಆದರೆ ಈಗಲೇ ಬೇಡ. ಮಷಿನ್ ಆಫ್ ಇರುವಾಗ ಕರೆಂಟಿನ ಪ್ಯಾನೆಲ್ ಫೋಟೋ ತೆಗೆದರೆ ಎಲ್ಲವೂ ತಣ್ಣಗೇ ಕಾಣುತ್ತದೆ. ಕನಿಷ್ಠ 40% ಲೋಡ್ ಆದರೂ ಓಡುತ್ತಿರಬೇಕು. ಇನ್ನು ಹೊಳೆಯುವ ತಾಮ್ರದ ಪಟ್ಟಿ ಬಿಸಿಯಾಗಿದ್ದರೂ ಕ್ಯಾಮೆರಾದಲ್ಲಿ ಬಿಸಿ ಕಮ್ಮಿ ತೋರಿಸುತ್ತದೆ. ಇದು ಗೊತ್ತಿಲ್ಲದೆ ಬಣ್ಣಬಣ್ಣದ ಚಿತ್ರ ಅಂಟಿಸಿ 'ತೃಪ್ತಿಕರ' ಅಂತ ಬರೆದ ವರದಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಫ್ಯೂಸ್ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದಾರಾ ಅಂತ ನೋಡಲು ಕಣ್ಣು ಸಾಕು (ಪ್ಯಾನೆಲ್ ಅವರ ಎಲೆಕ್ಟ್ರಿಶಿಯನ್ ತೆರೆಯಲಿ, ನೀವು ಕೈ ಹಾಕಬೇಡಿ).

ಮತ್ತೆ ಭಾಷೆ. ಮಾಲೀಕರು ಮಲಯಾಳ, ಸೂಪರ್‌ವೈಸರ್ ಕನ್ನಡ, ವಾಚ್‌ಮನ್ ತುಳು, ಮಷಿನ್ ಹತ್ತಿರ ನಿಂತವನು ಹಿಂದಿ. ನಮ್ಮ ಕಾಸರಗೋಡನ್ನು ಸಪ್ತಭಾಷಾ ಭೂಮಿ ಅಂತ ಸುಮ್ನೆ ಹೇಳುತ್ತಾರಾ? 'ರಾತ್ರಿ ವೆಲ್ಡಿಂಗ್ ಮಾಡ್ತೀರಾ' ಅಂತ ಆಫೀಸಲ್ಲಿ ಕೇಳಿದರೆ ಇಲ್ಲ ಅಂತಾರೆ. ವಾಚ್‌ಮನ್ ಹತ್ತಿರ ತುಳುವಿನಲ್ಲಿ ಕೇಳಿ.

ಉಪ್ಪಳ ಎಣ್ಣೆ ಮಿಲ್ಲು:
ನಾನು ಆಚೆ ಕಡೆಯವನು, ಅಂದರೆ ಪ್ರೀಮಿಯಂ ಕಟ್ಟುವವನು. ಕಳೆದ ಸಲ ನಮ್ಮಲ್ಲಿಗೆ ಬಂದ ಹುಡುಗ ಇಪ್ಪತ್ತು ನಿಮಿಷ ಇದ್ದ. ಎದುರು ನಿಂತು ಅಡಿಪಾಯದ ಎತ್ತರ ಅಳೆದ, ಎರಡಡಿ ಅಂತ ಬರೆದುಕೊಂಡ, ಚಾ ಕುಡಿದ, ಹೋದ. ನಮ್ಮ ಶೆಡ್ ಇರುವುದು ಗುಡ್ಡ ಕಡಿದ ಜಾಗದಲ್ಲಿ. ಹಿಂದಿನ ಗೋಡೆಗೆ ಮಣ್ಣು ತಾಗಿಕೊಂಡೇ ಇದೆ. ಜುಲೈಯಲ್ಲಿ ನೀರು ಹಿಂದಿನಿಂದ ನುಗ್ಗಿತು, ಕೆಳಗಿನ ಸಾಲಿನ ಕೊಬ್ಬರಿ ಚೀಲ ಎಲ್ಲ ಹೋಯ್ತು. ಕ್ಲೇಮ್ ನೋಡಲು ಬಂದವರು ಹಳೆಯ ವರದಿ ಹಿಡಿದು, ಎರಡಡಿ ಎತ್ತರ ಇದ್ದರೂ ನೀರು ಹೇಗೆ ಬಂತು ಅಂತ ನನ್ನನ್ನೇ ಕೇಳಿದರು! ಎರಡು ತಿಂಗಳು ಅಲೆದೆ. ಹಾಗಾಗಿ ದಯವಿಟ್ಟು ಹಿಂದಕ್ಕೆ ಹೋಗಿ, ಚಪ್ಪಲಿ ಕೆಸರಾದರೂ ಪರವಾಗಿಲ್ಲ. ಮಳೆಗಾಲದಲ್ಲಿ ನೀರು ಎಲ್ಲಿಂದ ಇಳಿಯುತ್ತದೆ ಅಂತ ಪಕ್ಕದ ಮನೆಯವರನ್ನೂ ಕೇಳಿ.

ಇನ್ನೊಂದು. ಕೊಬ್ಬರಿ ತಾನಾಗಿಯೇ ಬಿಸಿಯಾಗುವ ಸರಕು, ಗೊತ್ತಾ? ಹಡಗಿನವರು ಅದನ್ನು ಯುಎನ್ 1363 ಅಂತ ಅಪಾಯದ ಸರಕಿನ ಪಟ್ಟಿಯಲ್ಲೇ ಇಟ್ಟಿದ್ದಾರೆ. ತೇವಾಂಶ ಸುಮಾರು 6%ಕ್ಕೆ ಇಳಿಯದೆ, ಒಣಗಿಸುವ ಗೂಡಿನಿಂದ ತೆಗೆದ ಬಿಸಿಯಲ್ಲೇ ಅಟ್ಟಿ ಹಾಕಿದರೆ ಒಳಗೆ ಬೇಯುತ್ತಾ ಇರುತ್ತದೆ. ಆ ಹುಡುಗ ತೇವಾಂಶದ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ. ಅಟ್ಟಿಯ ನಡುವೆ ಕೈ ಹಾಕಿ ನೋಡಿದ್ದರೂ ಸಾಕಿತ್ತು.

ನಷ್ಟ ಅಳೆಯುವವ:
ಲೈಸೆನ್ಸ್ ಬಗ್ಗೆ ಚುಟುಕಾಗಿ. ವಿಮೆಗೆ ಮುಂಚಿನ ತಪಾಸಣೆಗೆ ಬೇಡ. ನಷ್ಟ ಆದ ಮೇಲೆ ಅಳೆಯುವ ನಮ್ಮ ಕೆಲಸಕ್ಕೆ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಲೈಸೆನ್ಸ್ ಬೇಕೇ ಬೇಕು. ಅದಕ್ಕೆ ಹಿರಿಯ ಸರ್ವೇಯರ್ ಕೈಕೆಳಗೆ 12 ತಿಂಗಳು ತರಬೇತಿ, ಜೊತೆಗೆ ಪರೀಕ್ಷೆ. ಬೆಂಕಿ, ಮೋಟಾರ್, ಎಂಜಿನಿಯರಿಂಗ್ ಹೀಗೆ ವಿಭಾಗಗಳು ಬೇರೆ ಬೇರೆ. ಮುಂದೆ ಈ ಕಡೆ ಬರುವ ಮನಸ್ಸಿದ್ದರೆ ಈಗಲೇ ಶುರು ಮಾಡಿ.

ನಿಮ್ಮ ತಂಡದವರು ಮಾಡುವ ದೊಡ್ಡ ತಪ್ಪು ಸ್ಟಾಕ್ ಬೆಲೆಯದ್ದು. 40 ಲಕ್ಷದ ಸರಕಿಗೆ 20 ಲಕ್ಷದ ವಿಮೆ ಮಾಡಿಸಿದವನಿಗೆ 10 ಲಕ್ಷ ನಷ್ಟವಾದರೆ ಸಿಗುವುದು 5 ಲಕ್ಷ, ಅರ್ಧ ಬೆಲೆಗೆ ವಿಮೆ ಮಾಡಿಸಿದ್ದಕ್ಕೆ ಅರ್ಧ ಪರಿಹಾರ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಸೂಕ್ಷ್ಮ, ಭಾರತ್ ಲಘು ಎಂಬ ಸಣ್ಣ ಉದ್ದಿಮೆಗಳ ಪಾಲಿಸಿಗಳಲ್ಲಿ 15%ವರೆಗಿನ ಕೊರತೆಗೆ ವಿನಾಯಿತಿ ಇದೆ, ಅದಕ್ಕಿಂತ ಜಾಸ್ತಿ ಆದರೆ ಕಡಿತವೇ. ಅಡಿಕೆ ಗೋದಾಮಿಗೆ ಹೋದರೆ ಚೀಲ ಎಣಿಸಿ, ಆ ದಿನದ ಧಾರಣೆ ಹಾಕಿ ಗುಣಿಸಿ. ಕಾಗದದಲ್ಲಿರುವ ಅಂಕಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಬದಿಯಡ್ಕದವ:
ಮೂವರಿಗೂ ಥ್ಯಾಂಕ್ಸ್. ಉಪ್ಪಳದ ಅಣ್ಣ, ಹಿಂದಕ್ಕೆ ಖಂಡಿತ ಹೋಗುತ್ತೇನೆ. ಸೋಮವಾರ ಮೊದಲ ಸೈಟ್ ಗೇರುಬೀಜದ ಕಾರ್ಖಾನೆ. ಅಲ್ಲಿ ಏನು ನೋಡಲಿ?

ಪೆರ್ಲ ಟು ಪಣಂಬೂರು:
ಮೊದಲು ಬೋರ್ಮಾ ಕೋಣೆ. ತಿರುಳು ಒಣಗಿಸುವ ಆ ಬಿಸಿ ಗಾಳಿಯ ಕೋಣೆಯಿಂದ ಬೆಂಕಿ ಹತ್ತುವುದು ಜಾಸ್ತಿ. ಬಿಸಿ ಮಿತಿ ಮೀರಿದರೆ ತಾನೇ ಕಟ್ ಆಗುವ ವ್ಯವಸ್ಥೆ ಇದೆಯಾ, ಇದ್ದರೆ ಅದನ್ನು ಬೈಪಾಸ್ ಮಾಡಿದ್ದಾರಾ ಅಂತ ನೋಡಿ. ಆಮೇಲೆ ಸಿಪ್ಪೆಯ ರಾಶಿ. ಅದರಲ್ಲಿ ಎಣ್ಣೆ ಇರುತ್ತದೆ, ಬಾಯ್ಲರ್‌ಗೆ ಅದೇ ಸೌದೆ ಅಂತ ಒಲೆ ಬಾಯಿಯ ಹತ್ತಿರವೇ ಸುರಿದಿರುತ್ತಾರೆ. ಎಷ್ಟು ಅಡಿ ದೂರ ಅಂತ ಟೇಪ್ ಹಿಡಿದೇ ಬರೆಯಿರಿ, ಅಂದಾಜು ಬೇಡ. ಬರಿಗೈಯಲ್ಲಿ ಸಿಪ್ಪೆ ಮುಟ್ಟಬೇಡಿ ಮಾರಾಯ್ರೇ, ಆ ಎಣ್ಣೆಗೆ ಕೈ ಸುಡುತ್ತದೆ.