ಪದ ಬೇಕು: ರಿಮೋಟ್ ಟ್ಯಾಂಕಿನ ‘ಸೆಲ್ಫ್ ಸೆಂಟರಿಂಗ್’ ಕಡ್ಡಿ ಮತ್ತು ‘ಮಿಕ್ಸಿಂಗ್’

ಗೆಳೆಯರಿಗೆ ನಮಸ್ಕಾರ,

ಕೋಲಾರದ ನಮ್ಮ ಬೀದಿಯ ಹುಡುಗರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ರಿಮೋಟ್ ಟ್ಯಾಂಕಿಗೆ ಕಡಿಮೆ ದುಡ್ಡಿನಲ್ಲಿ ಒಳ್ಳೆಯ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಆರಿಸುವುದು ಹೇಗೆ ಅನ್ನುವುದು ವಿಷಯ. ಟ್ಯಾಂಕ್ ಅಂದರೆ ಸೇನೆಯದು, 1:16 ಅಳತೆಯ ಮಾದರಿ. ಎರಡು ಪದಗಳಿಗೆ ನಿಮ್ಮ ನೆರವು ಬೇಕು. ಇವೆರಡು ಅರ್ಥವಾಗದೆ ಯಾರೂ ದುಡ್ಡು ಕೊಡಬಾರದು, ಅದಕ್ಕೇ ಇಷ್ಟು ಕೇಳುತ್ತಿದ್ದೇನೆ.

ಮೊದಲನೆಯದು ‘ಸೆಲ್ಫ್ ಸೆಂಟರಿಂಗ್’, ಅಂದರೆ ರಿಮೋಟಿನ ಸ್ಟಿಕ್ ಬಿಟ್ಟ ಕೂಡಲೇ ತಾನಾಗಿ ನಡುವಿಗೆ ಬರುವುದು. ಸ್ಟಿಕ್‌ಗೆ ಕಡ್ಡಿ ಅಂತ ಬರೆದಿದ್ದೇನೆ. ಕಡಿಮೆ ಬೆಲೆಯ ಟ್ರಾನ್ಸ್‌ಮಿಟರ್‌ಗಳು ಬಹುಪಾಲು ವಿಮಾನ, ಡ್ರೋನ್ ಹಾರಿಸುವವರಿಗಾಗಿ ಮಾಡಿದವು. ಫ್ಲೈಸ್ಕೈ ಎಫ್‌ಎಸ್-ಐ6 ತೆಗೆದುಕೊಳ್ಳಿ. ಮೋಡ್ 2 (ಓಟದ ಕಡ್ಡಿ ಎಡಗಡೆ ಇರುವ ಜೋಡಣೆ) ಆದರೆ ಅದರ ಎಡಗಡೆ ಕಡ್ಡಿಯನ್ನು ಮೇಲೆ ತಳ್ಳಿದಾಗ ಕಟಕಟ ಅನ್ನುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ವಿಮಾನಕ್ಕೆ ಅದೇ ಸರಿ, ಬೆರಳು ತೆಗೆದರೂ ಮೋಟಾರು ಓಡುತ್ತಿರಬೇಕಲ್ವಾ. ಟ್ಯಾಂಕಿಗೆ ಅದು ಆಗಿಬರುವುದಿಲ್ಲ. ಇಲ್ಲಿ ಕಡ್ಡಿ ನಡುವಿದ್ದರೆ ಗಾಡಿ ನಿಂತಿದೆ, ಮೇಲಿದ್ದರೆ ಮುಂದಕ್ಕೆ, ಕೆಳಗಿದ್ದರೆ ಹಿಂದಕ್ಕೆ. ಬೆರಳು ತೆಗೆದ ಕೂಡಲೇ ಕಡ್ಡಿ ತಾನಾಗಿ ನಡುವಿಗೆ ಬರಬೇಕು. ಇಲ್ಲದಿದ್ದರೆ ಗಾಡಿ ಸೀದಾ ಹೋಗಿ ಕಾಂಪೌಂಡಿಗೆ ಗುದ್ದುತ್ತದೆ.

‘ಸ್ವಯಂಕೇಂದ್ರಿತ’ ಅಂತ ಬರೆದರೆ ಹುಡುಗರು ಪುಟ ತಿರುಗಿಸುತ್ತಾರೆ. ‘ಮರಳುಕಡ್ಡಿ’ ಓದಿದರೆ ಮೊದಲು ಹೊಳೆಮರಳು ನೆನಪಾಗುತ್ತದೆ. ಸದ್ಯಕ್ಕೆ ‘ಸ್ಪ್ರಿಂಗ್ ಕಡ್ಡಿ’, ‘ಕಟಕಟ ಕಡ್ಡಿ’ ಅಂತ ಜೋಡಿ ಮಾಡಿಕೊಂಡಿದ್ದೇನೆ. ಕೊಳ್ಳುವವನು ಅಂಗಡಿಯಲ್ಲೇ ಬೆರಳಿಟ್ಟು ಪರೀಕ್ಷೆ ಮಾಡಬಹುದು, ಅದಕ್ಕೇ ಈ ಜೋಡಿ ನನಗಿಷ್ಟ. ಬಿಟ್ಟರೆ ತಾನಾಗಿ ಜಾಗಕ್ಕೆ ಬರುವ ಹಿಡಿಗೆ ಮಗ್ಗದವರು, ಗ್ಯಾರೇಜಿನವರು ಏನನ್ನುತ್ತಾರೆ? ರೇಷ್ಮೆ ಬಿಚ್ಚುವ ಕಡೆ ಇಂಥ ಪದ ಇದೆಯೇ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಎರಡನೆಯದು ‘ಮಿಕ್ಸಿಂಗ್’. ಟ್ಯಾಂಕಿಗೆ ಕಾರಿನ ಹಾಗೆ ಎಡಬಲಕ್ಕೆ ತಿರುಗುವ ಚಕ್ರ ಇಲ್ಲ. ಕೆಜಿಎಫ್‌ನ ಬಿಇಎಂಎಲ್‌ನಲ್ಲಿ ತಯಾರಾಗುವ ಬುಲ್ಡೋಜರ್ ಹೇಗೆ ತಿರುಗುತ್ತದೋ ಇದೂ ಹಾಗೇ: ಒಂದು ಕಡೆ ಚೈನು ನಿಧಾನ, ಇನ್ನೊಂದು ಕಡೆ ಜೋರು. ಎಡಕ್ಕೊಂದು, ಬಲಕ್ಕೊಂದು ಮೋಟಾರು. ಒಂದೇ ಕಡ್ಡಿಯ ಓಟವನ್ನೂ ತಿರುವನ್ನೂ ಲೆಕ್ಕ ಹಾಕಿ, ಎರಡೂ ಮೋಟಾರಿಗೆ ಪಾಲು ಹಂಚುವುದೇ ಮಿಕ್ಸಿಂಗ್. ಅದಿಲ್ಲದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಆಗುತ್ತದೆ. ‘ಬೆರಕೆ’ ಅನ್ನೋಣ ಅಂದರೆ ಕಲಬೆರಕೆಯ ವಾಸನೆ ಬರುತ್ತದೆ. ‘ಪಾಲು ಹಂಚಿಕೆ’ ನನಗೆ ಹೊಳೆದದ್ದು. ಇದಕ್ಕಿಂತ ಚಿಕ್ಕದು ಸಿಗುತ್ತದೆಯೇ?

ಇದರಲ್ಲಿ ಇನ್ನೊಂದು ತೊಡಕಿದೆ. ಐ6ರ ಮೆನುವಿನಲ್ಲಿ ಈ ಸೌಲಭ್ಯಕ್ಕೆ ‘ಎಲೆವಾನ್’ ಅಂತ ಹೆಸರು. ಎಲಿವೇಟರ್ (ವಿಮಾನವನ್ನು ಮೇಲೆ ಕೆಳಗೆ ಬಾಗಿಸುವ ಪಟ್ಟಿ), ಐಲರಾನ್ (ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ) ಎರಡೂ ಸೇರಿದ ವಿಮಾನದ ಪದ ಅದು. ಟ್ಯಾಂಕ್ ಓಡಿಸುವ ಹುಡುಗನಿಗೆ ಅದು ತನಗೇ ಬೇಕಾದದ್ದು ಅಂತ ಹೊಳೆಯುವುದೇ ಇಲ್ಲ. ಎಲೆವಾನ್ ಆನ್ ಮಾಡಿ ಬಲಗಡೆ ಕಡ್ಡಿಯಲ್ಲೇ ಓಡಿಸಿದರೆ ಸ್ಪ್ರಿಂಗಿನ ಸಮಸ್ಯೆಯೂ ಬಗೆಹರಿಯುತ್ತದೆ, ಆ ಕಡ್ಡಿ ಹೇಗೂ ನಡುವಿಗೆ ಬರುತ್ತದೆ. ಆದರೆ ಟ್ಯಾಂಕಿನ ಒಳಗಿನ ಸರ್ಕ್ಯೂಟ್ ಬೋರ್ಡೇ ಪಾಲು ಹಂಚುವುದಾದರೆ ಮೆನುವಿನಲ್ಲಿ ಎಲೆವಾನ್ ಆಫ್ ಇಡಬೇಕು. ಇಂಥ ಕಡೆ ಮೆನುವಿನ ಪದ ಹಾಗೇ ಉಳಿಸಿ ಪಕ್ಕದಲ್ಲಿ ಕನ್ನಡ ಕೊಡಲೇ, ಕನ್ನಡವೊಂದೇ ಸಾಕೇ? ಪರದೆಯ ಮೇಲೆ ಕಾಣುವುದನ್ನು ಬಿಡಬಾರದು ಅಂತ ನನ್ನ ಮನಸ್ಸು.

ಉಳಿದವು ಸಲೀಸು. ಟ್ರಾನ್ಸ್‌ಮಿಟರ್, ರಿಸೀವರ್ (ಗಾಡಿಯೊಳಗೆ ಸಂಕೇತ ಹಿಡಿಯುವ ಭಾಗ) ಹಾಗೇ ಇಟ್ಟಿದ್ದೇನೆ. ಪ್ರೇಷಕ, ಅಭಿಗ್ರಾಹಕ ಅಂದರೆ ಅಂಗಡಿಯಲ್ಲಿ ಯಾರೂ ಕೊಡುವುದಿಲ್ಲ. ಎರಡನ್ನೂ ಬೈಂಡ್ ಮಾಡುವುದಕ್ಕೆ ‘ಗಂಟು ಹಾಕುವುದು’. ಟ್ರಿಮ್‌ಗೆ ಡ್ರೈವರುಗಳ ಮಾತೇ ಸಾಕು: ಗಾಡಿ ಎಡಕ್ಕೆ ‘ಎಳೆಯುತ್ತೆ’ ಅಂದರೆ ಆ ಎಳೆತ ಸರಿಮಾಡುವ ಗುಂಡಿ. ಚಾನೆಲ್ ಅಂದರೆ ಎಷ್ಟು ಕೆಲಸ ಅಂತ. ಓಟ, ತಿರುವು, ಮೇಲಿನ ತಲೆ ತಿರುಗಿಸುವುದು, ತೋಪಿನ ನಳಿಗೆ ಎತ್ತಿ ಇಳಿಸುವುದು, ಇಲ್ಲಿಗೆ ನಾಲ್ಕಾಯಿತು. ಗುಂಡು ಹಾರಿಸಲು, ಇಂಜಿನ್ ಸದ್ದಿಗೆ ಇನ್ನೆರಡು. ಹಾಗಾಗಿ ಆರು ಚಾನೆಲ್ಲಿಗಿಂತ ಕಡಿಮೆಯದು ಬೇಡ.

ಬರೀ ಆಟಿಕೆಗಿಂತ ಮೇಲಿನ ದರ್ಜೆಯ ಮಾದರಿಗೆ ಅನ್ನುವ ‘ಹಾಬಿ ಗ್ರೇಡ್’ಗೆ ‘ಹವ್ಯಾಸಿ’ ಹೊಂದುವುದಿಲ್ಲ, ಅದು ನಾಟಕ ತಂಡಕ್ಕೆ ಸರಿ. ‘ಬಿಡಿಭಾಗ ಬದಲಿಸಬಹುದಾದದ್ದು’ ಅಂತ ಬಿಡಿಸಿಯೇ ಬರೆದಿದ್ದೇನೆ, ಯಾಕೆಂದರೆ ನಿಜವಾದ ವ್ಯತ್ಯಾಸ ಅದೇ. ಹೆಂಗ್ ಲಾಂಗ್ ಕಂಪನಿಯ ಟ್ಯಾಂಕುಗಳಲ್ಲಿ ರಿಸೀವರ್ ಬೋರ್ಡಿಗೇ ಸೇರಿರುತ್ತದೆ. ಬೇರೆ ಕಂಪನಿಯ ಟ್ರಾನ್ಸ್‌ಮಿಟರ್ ಬೇಕೆಂದರೆ ಬೋರ್ಡನ್ನೂ ಬದಲಿಸಬೇಕು. ಆ ಖರ್ಚು ಸೇರಿಸದೆ ಬರೀ ಟ್ರಾನ್ಸ್‌ಮಿಟರಿನ ಬೆಲೆ ನೋಡಿ ಹೊರಡಬಾರದು.

ಕಡ್ಡಿಗೂ ಮಿಕ್ಸಿಂಗಿಗೂ ನಿಮ್ಮೂರ ಕಡೆಯ ಮಾತು ಏನಿದ್ದರೂ ಕಳಿಸಿ. ಯಾವ ಕಸುಬಿನವರು ಬಳಸುತ್ತಾರೆ ಅಂತಲೂ ಒಂದು ಸಾಲು ಸೇರಿಸಿ.