ಲಿಯಾನ್‌ನಲ್ಲಿ ಒಳ್ಳೆ ಕೆಫೆ, ಸ್ವೀಟ್ ಅಂಗಡಿ ಯಾವ್ದು? ಸಹಾಯ ಬೇಕು

ನಮಸ್ಕಾರ ಎಲ್ರಿಗೂ, ಫ್ರಾನ್ಸ್‌ನ ಲಿಯಾನ್‌ನಲ್ಲಿ ಇರೋರು, ಓದಿದೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳ್ತೀರಾ. ಮುಂದಿನ ತಿಂಗಳು ಅಮ್ಮನ್ನ ಕರ್ಕೊಂಡು ಹೋಗ್ತಿದೀನಿ, ಅವ್ರಿಗೆ ಸಿಹಿ ಅಂದ್ರೆ ಪ್ರಾಣ, ಕೇಕಲ್ಲಿ ಮೊಟ್ಟೆ ಇದ್ರೆ ಪರ್ವಾಗಿಲ್ಲ ಆದ್ರೆ ಜೆಲಟಿನ್, ಆಲ್ಕೋಹಾಲ್ ಬೇಡವೇ ಬೇಡ.

ಮೊದ್ಲು ತಿನ್ನಿಸ್ಬೇಕು ಅಂತಿರೋದು ಅಲ್ಲಿನ ಪ್ರಲೀನ್ ಟಾರ್ಟ್. ಸಕ್ಕರೆ ಪಾಕ ಹಿಡಿಸಿದ ಗುಲಾಬಿ ಬಣ್ಣದ ಬಾದಾಮಿನ (ಇದೇ ಪ್ರಲೀನ್) ಪುಡಿ ಮಾಡಿ ಕ್ರೀಮ್ ಜೊತೆ ಕಾಯಿಸಿ ಟಾರ್ಟ್ ಒಳಗೆ ಸುರೀತಾರೆ, ಕೆಂಪಗೆ ಹೊಳೀತಿರುತ್ತೆ. ಆದ್ರೆ ಕೆಲವ್ರು ಆ ಬಣ್ಣಕ್ಕೆ ಹುಳದಿಂದ ತೆಗೆಯೋ ಕಾರ್ಮೈನ್, ಅಂದ್ರೆ ಇ120 ಹಾಕ್ತಾರೆ. ಬೀಟ್‌ರೂಟ್ ಥರ ತರಕಾರಿ ಬಣ್ಣ ಹಾಕೋ ಅಂಗಡಿ ಯಾವ್ದು, ಇದೇ ನನ್ನ ಮುಖ್ಯ ಪ್ರಶ್ನೆ.

ಪ್ರಾಲ್ಯೂ ಅನ್ನೋ ಅಂಗಡಿಯ ಪ್ರಾಲ್ಯುಲಿನ್ ಕೂಡ ಲಿಸ್ಟಲ್ಲಿದೆ, ಪ್ರಲೀನ್ ಚೂರು ತುಂಬಿದ ಬೆಣ್ಣೆ ಬ್ರಿಯೋಶ್ (ಮೆತ್ತನೆ ಸಿಹಿ ಬ್ರೆಡ್ಡು), 1955ರಲ್ಲಿ ರೋವಾನ್‌ನಲ್ಲಿ ಶುರುವಾಗಿದ್ದು, ಅಲ್ಲೂ ಅದೇ ಬಣ್ಣದ ಡೌಟು. ವುವಾಜಾ಼ ಅನ್ನೋ ಚಾಕ್ಲೇಟ್ ಅಂಗಡಿಯ ಹಸಿರು ಕುಸಾ಼ ಅನ್ನೋ ಸಿಹಿ ನೋಡೋಕೆ ಪುಟ್ಟ ದಿಂಬಿನ ಥರ ಎಷ್ಟು ಚಂದ, ಆದ್ರೆ ಒಳಗಿನ ಚಾಕ್ಲೇಟಲ್ಲಿ ಕುರಸಾವ್ ಮದ್ಯ ಇರುತ್ತೆ, ಹಾಗಾಗಿ ಅಮ್ಮಂಗಿಲ್ಲ. ಬರ್ನಾಶೋ಼ಗಂತೂ ಹೋಗೇ ಹೋಗ್ತೀವಿ, ಕೋಕೋ ಬೀಜ ತಾವೇ ಹುರಿಯೋ ಅಂಗಡಿ ಅದು. ಅಲ್ಲಿ ಆಲ್ಕೋಹಾಲ್ ಇಲ್ದೇ ಇರೋ ಚಾಕ್ಲೇಟ್ ಯಾವ್ದು ತಗೊಂಡ್ರೆ ಚೆನ್ನಾಗಿರುತ್ತೆ?

ಇನ್ನು ಕೆಫೆ. ಅಮ್ಮಂಗೆ ಮಂಡಿ ನೋವು, ಕ್ರುವಾ ರೂಸ್ ಗುಡ್ಡದ ಮೆಟ್ಟಿಲು ಹತ್ತೋದು ಕಷ್ಟ, ಹಳೇ ಊರಲ್ಲೋ ಬೆಲ್‌ಕೂರ್ ಚೌಕದ ಹತ್ರವೋ ಆರಾಮಾಗಿ ಕೂತ್ಕೊಂಡು ಕಾಫಿ ಕುಡಿಯೋ ಜಾಗ ಇದ್ರೆ ಹೇಳಿ. ಸೋಮವಾರ ತೆಗ್ದಿರೋದು ಯಾವ್ದು ಅಂತನೂ ತಿಳಿಸಿ ಪ್ಲೀಸ್.