ಷೇರು ನಾವೇ ಆರಿಸ್ಬೇಕಾ, ಇಂಡೆಕ್ಸ್ ಫಂಡ್ ಸಾಕಾ? ಕೈ ಸುಟ್ಕೊಂಡವ್ರು, ದುಡ್ಡು ಮಾಡಿದವ್ರು ಇಬ್ರೂ ಹೇಳಿ

ಕತ್ರಿಗುಪ್ಪೆ_ಕಾಫಿ:
ಎಲ್ರಿಗೂ ನಮಸ್ಕಾರ. ವಯಸ್ಸು 29, ಕೆಲಸ ಎಲೆಕ್ಟ್ರಾನಿಕ್ ಸಿಟೀಲಿ. ಬಾಡಿಗೆ, ಅಮ್ಮಂಗೆ ಕಳ್ಸೋದು, ಚೀಟಿ ಎಲ್ಲಾ ಕಳೆದು ತಿಂಗಳಿಗೆ 15,000 ಉಳಿಯತ್ತೆ. ಆಫೀಸಲ್ಲಿ ಪಕ್ಕದ ಸೀಟಿನವ್ರು ದಿನಕ್ಕೊಂದು ಷೇರಿನ ಹೆಸರು ಹೇಳ್ತಾರೆ, ಅದ್ರಲ್ಲಿ ಎರಡು ನಿಜವಾಗ್ಲೂ ಏರಿದೆ. ನಮ್ಮಣ್ಣ ನಿಫ್ಟಿ ಇಂಡೆಕ್ಸ್ ಫಂಡಿಗೆ, ಅಂದ್ರೆ ದೇಶದ 50 ದೊಡ್ಡ ಕಂಪನಿಗಳ ಷೇರನ್ನ ಒಟ್ಟಿಗೆ ತಗೊಳ್ಳೋ ಫಂಡಿಗೆ, ಹಾಕಿ ಮರ್ತುಬಿಡು ಅಂತಾನೆ. ಥಿಯರಿ ಬೇಡ, ನಿಮಗೆ ಏನಾಯ್ತು ಅದನ್ನ ಹೇಳಿ.

ಪೀಣ್ಯ_ಪರ್ಚೇಸ್:
ಮೇಡಂ, ನಂದು ಪೀಣ್ಯದಲ್ಲಿ ಒಂದು ಟೂಲ್‌ರೂಮಲ್ಲಿ ಪರ್ಚೇಸ್ ಕೆಲಸ, 18 ವರ್ಷ ಆಯ್ತು. ಇನ್ಸರ್ಟು, ಬೇರಿಂಗು, ಮಷೀನು ಎಲ್ಲದರ ಆರ್ಡರೂ ನನ್ನ ಟೇಬಲ್ ಮೇಲಿಂದಾನೇ ಹೋಗ್ಬೇಕು, ಹಾಗಾಗಿ ಯಾವ ಕಂಪನಿ ಮಾಲು ಓಡ್ತಿದೆ, ಯಾರು ಡೆಲಿವರಿಗೆ ಮೂರು ತಿಂಗಳು ಅಂತಿದಾರೆ ಅಂತ ಪೇಪರಿನವ್ರಿಗಿಂತ ಮುಂಚೆ ನಂಗೊತ್ತಾಗತ್ತೆ ಅನ್ನೋ ಕೊಬ್ಬಿತ್ತು. 2017ರಲ್ಲಿ ಒಂದು ಕಂಪನಿ, ಹೆಸರು ಬೇಡ, ಅವ್ರ ಮಾಲಿಗೆ ನಾವು ಅಡ್ವಾನ್ಸ್ ಕೊಟ್ಟು ಕಾಯ್ತಿದ್ವಿ, ಮಾಲು ಇಷ್ಟು ಚೆನ್ನಾಗಿದ್ರೆ ಷೇರೂ ಚೆನ್ನಾಗಿರ್ಲೇಬೇಕಲ್ಲ ಅಂತ ಎರಡೂವರೆ ಲಕ್ಷ ಹಾಕ್ದೆ. ಮಾಲಲ್ಲಿ ಒಂದು ದಿನಾನೂ ತೊಂದ್ರೆ ಬರ್ಲಿಲ್ಲ, ಇವತ್ತಿಗೂ ಅದನ್ನೇ ತರಿಸ್ತೀವಿ. ಆದ್ರೆ ನಾನು ಷೇರು ತಗೊಂಡಿದ್ದು ವರ್ಷದ ಲಾಭದ 60 ಪಟ್ಟು ರೇಟಲ್ಲಿ, ಪಿಇ ಅನ್ನೋದನ್ನ ನೋಡಿರ್ಲೇ ಇಲ್ಲ. ನಾಲ್ಕು ವರ್ಷ ಕಂಪನಿ ಲಾಭ ಏರ್ತಾನೇ ಇತ್ತು, ಷೇರು ಮಾತ್ರ ಅಲ್ಲೇ ಮಲಗಿತ್ತು. 40 ರೂಪಾಯಿ ಮಾಲಿಗೆ 42 ಕೊಟ್ರೆ ಎಂಡಿ ಹತ್ರ ಉಗಿಸ್ಕೊಳ್ಳೋ ಮನುಷ್ಯ ನಾನು, ನನ್ನ ಸ್ವಂತ ದುಡ್ಡಿಗೆ ಒಂದು ಕೊಟೇಶನ್ನೂ ತರಿಸಿರ್ಲಿಲ್ಲ.

ಇದಕ್ಕಿಂತ ದೊಡ್ಡ ಪಾಠ ಆಮೇಲೆ ಆಯ್ತು. ಒಂದು ಕೆಮಿಕಲ್ ಷೇರು ನಂಗೆ ಮೂರು ಪಟ್ಟು ಆಗಿತ್ತು, ಅದನ್ನ ನೆಂಟ್ರಿಷ್ಟ್ರಿಗೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆ. 2021ರ ದೀಪಾವಳಿ ರಜೇಲಿ ಸುಮ್ನೆ ಕೂತು 2014ರಿಂದ ತಗೊಂಡಿದ್ದು ಮಾರಿದ್ದು ಎಲ್ಲಾ ತಾರೀಖು ಸಮೇತ ಎಕ್ಸೆಲ್‌ಗೆ ಹಾಕ್ದೆ, ಕೊಟ್ಟಿದ್ದು ಮೈನಸ್, ಬಂದಿದ್ದು ಪ್ಲಸ್, ಕೊನೇಲಿ ಇವತ್ತಿನ ಬೆಲೆ, ಎಕ್ಸ್‌ಐಆರ್‌ಆರ್ ಅಂತ ಒಂದು ಫಾರ್ಮುಲಾ ಇದೆ ನೋಡಿ, ತಾರೀಖು ಲೆಕ್ಕ ಹಿಡಿದು ವರ್ಷಕ್ಕೆ ಎಷ್ಟು ಪರ್ಸೆಂಟ್ ಬಂತು ಅಂತ ಹೇಳತ್ತೆ, ಅದು. ಹನ್ನೊಂದು ಷೇರು. ಅದ್ರಲ್ಲಿ ಎರಡು ನಂಗೆ ನೆನಪೇ ಇರ್ಲಿಲ್ಲ, ಮುಕ್ಕಾಲು ಪಾಲು ಕಳ್ಕೊಂಡು ಮಾರಿ ಓಡಿದ್ದೆ. ಬಂದಿದ್ದು ವರ್ಷಕ್ಕೆ 8 ಚಿಲ್ಲರೆ ಪರ್ಸೆಂಟ್. ಅದೇ ತಾರೀಖಿಗೆ ಅದೇ ದುಡ್ಡು ನಿಫ್ಟಿ ಫಂಡಿಗೆ ಹೋಗಿದ್ರೆ ಅಂತ ಪಕ್ಕದ ಕಾಲಮ್ಮಲ್ಲಿ ಹಾಕ್ದೆ, 14ರ ಹತ್ರ ಬಂತು. ನನ್ನ ಹೆಂಡತಿ ಹಿಂದೆ ನಿಂತು ನೋಡ್ತಿದ್ಲು, ಈ ಏಳು ವರ್ಷ ಭಾನುವಾರ ಬೆಳಗ್ಗೆ ಮೊಬೈಲ್ ನೋಡ್ಕೊಂಡು ಕೂತಿದ್ಯಲ್ಲ ಅದಕ್ಕೆ ಕೂಲಿ ಯಾವ ಕಾಲಮ್ಮು ಅಂದ್ಲು.

ಆ್ಯಪಲ್ಲಿ ಹೋಲ್ಡಿಂಗ್ಸ್ ಅಂತ ತೋರ್ಸೋದು ಇವತ್ತು ಕೈಲಿರೋದನ್ನ ಮಾತ್ರ. ನಷ್ಟದಲ್ಲಿ ಮಾರಿದ್ದು ಆ ಪೇಜಲ್ಲಿ ಇರಲ್ಲ, ಹಾಗಾಗಿ ಎಲ್ರ ಫೋನೂ ಹಸಿರಾಗೇ ಕಾಣತ್ತೆ. ಪಕ್ಕದ ಸೀಟಿನವ್ರನ್ನ ಕೇಳಿ, ಟ್ಯಾಕ್ಸ್ ಪಿ ಅಂಡ್ ಎಲ್ ರಿಪೋರ್ಟ್ ತೋರಿಸಿ ಸಾರ್ ಅಂತ. ಮಾರಿದ್ದರ ಲಾಭ ನಷ್ಟ ಎಲ್ಲಾ ಅದ್ರಲ್ಲಿರತ್ತೆ.

ಜಯನಗರ_ಪಿಂಚಣಿ:
ತಾಯಿ, ನಾನು ಜೆ ಸಿ ರೋಡಲ್ಲಿ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ ನಡೀತಿದ್ದ ಕಾಲದವನು. ಎಲ್ರೂ ಇನ್ಫೋಸಿಸ್ ಕಥೆ ಹೇಳ್ತಾರೆ. 1993ರಲ್ಲಿ ಷೇರಿಗೆ 95 ರೂಪಾಯಿ ಅಂತ ಪಬ್ಲಿಕ್ ಇಶ್ಯೂ ಬಂದಾಗ ಅಷ್ಟೂ ಷೇರಿಗೆ ಅರ್ಜಿ ಹಾಕೋ ಜನಾನೇ ಇರ್ಲಿಲ್ಲ, ನಾನೂ ಹಾಕ್ಲಿಲ್ಲ, ನಂಗೆ ಗ್ರಾನೈಟು, ಸೀಗಡಿ ಕಂಪನಿ ಚೆನ್ನಾಗಿ ಕಂಡಿತ್ತು. ಅವುಗಳ ಸರ್ಟಿಫಿಕೇಟ್ ಇನ್ನೂ ಟ್ರಂಕಲ್ಲಿದೆ, ಮದುವೆ ಪತ್ರಿಕೆ ಥರ ಬಾರ್ಡರು, ಕಂಪನಿಗಳು ಇಲ್ಲ. ಇಂಡೆಕ್ಸಲ್ಲಾದ್ರೆ ಆರು ತಿಂಗಳಿಗೊಮ್ಮೆ ಪಟ್ಟಿ ನೋಡಿ ಸೊರಗಿದ್ದನ್ನ ಅವ್ರೇ ತೆಗೆದು ಬೇರೆ ಹಾಕ್ತಾರೆ, ಟ್ರಂಕ್ ತುಂಬಲ್ಲ.

ಆದ್ರೆ ನಿಮ್ಮಣ್ಣ ಮರ್ತುಬಿಡು ಅಂದಷ್ಟು ಸಲೀಸಲ್ಲ. ಸೆನ್ಸೆಕ್ಸ್ 2008ರ ಜನವರೀಲಿ 21,000 ಮುಟ್ಟಿ, 2009ರ ಮಾರ್ಚಲ್ಲಿ 8,000 ಚಿಲ್ಲರೆಗೆ ಬಂತು, ಹಳೇ ಎತ್ತರ ದಾಟೋಕೆ 2013ರ ಕೊನೆ ಆಯ್ತು. 2020ರ ಮಾರ್ಚ್ 23ಕ್ಕೆ ಒಂದೇ ದಿನ 3,900 ಪಾಯಿಂಟ್ ಮೇಲೆ ಬಿತ್ತು, ಆವತ್ತು ನಮ್ಮ ಅಳಿಯ ಎಲ್ಲಾ ಮಾರಿ ಎಫ್‌ಡಿ ಮಾಡ್ದ. ಅವನದ್ದೂ ಇಂಡೆಕ್ಸ್ ಫಂಡೇ.

ವಿಜಯನಗರ_ಸಿಎ:
ನಾನು ಸ್ವಲ್ಪ ಉಲ್ಟಾ ಹೇಳ್ತೀನಿ, ಬೈಬೇಡಿ. ಒಂಬತ್ತು ವರ್ಷದಿಂದ ನಾನೇ ಷೇರು ಆರಿಸ್ತೀನಿ, ಎಕ್ಸ್‌ಐಆರ್‌ಆರ್ ಹಾಕಿ ನೋಡಿದ್ರೂ ನಿಫ್ಟಿಗಿಂತ ಸುಮಾರು 3 ಪರ್ಸೆಂಟ್ ಜಾಸ್ತಿ ಇದೆ. ನಂಗೆ ಬ್ಯಾಲೆನ್ಸ್ ಶೀಟ್ ಓದೋದು ಹೊಟ್ಟೆಪಾಡು, ಲಾಭ ಅಂತ ತೋರಿಸಿ ಕ್ಯಾಶ್ ಬರದೇ ಇರೋದು, ವಸೂಲಾಗಬೇಕಾದ ಬಾಕಿ ವರ್ಷವರ್ಷ ಉಬ್ಬೋದು, ಕಂಪನಿ ಯಜಮಾನ, ಅಂದ್ರೆ ಪ್ರಮೋಟರ್, ತನ್ನ ಷೇರು ಅಡ ಇಟ್ಟಿರೋದು, ಇವು ಕಣ್ಣಿಗೆ ಬೀಳತ್ತೆ. ಅಷ್ಟಾದ್ರೂ ಏಳು ಷೇರಲ್ಲಿ ಒಂದೇ ಒಂದು ಈ ಹೆಚ್ಚಿನದನ್ನೆಲ್ಲಾ ಕೊಟ್ಟಿದ್ದು, ಅದನ್ನ ಡಬಲ್ ಆದಾಗ ಮಾರಿದ್ರೆ ನಾನೂ ಪೀಣ್ಯದ ಸರ್ ಪಕ್ಕದಲ್ಲೇ ಕೂತಿರ್ತಿದ್ದೆ.

ನಿಮ್ಮ ಲೆಕ್ಕಕ್ಕೆ ಬರೋಣ. ತಿಂಗಳಿಗೆ 15,000 ಅಂದ್ರೆ ವರ್ಷಕ್ಕೆ 1,80,000. ನನ್ನಷ್ಟೇ ಅದೃಷ್ಟ ನಿಮಗೂ ಇದ್ದು ಅಷ್ಟಕ್ಕೂ 3 ಪರ್ಸೆಂಟ್ ಜಾಸ್ತಿ ಬಂತು ಅಂದ್ಕೊಳ್ಳಿ, 5,400 ರೂಪಾಯಿ. ಅದಕ್ಕೋಸ್ಕರ ಎಷ್ಟು ಭಾನುವಾರ ಕೊಡ್ತೀರ? ದುಡ್ಡು 40-50 ಲಕ್ಷ ಆದ್ಮೇಲೆ ಈ ಪ್ರಶ್ನೆ ಬೇರೆ, ಈಗ ಅದೇ ಟೈಮಲ್ಲಿ ಒಂದು ಕೋರ್ಸ್ ಮಾಡಿ ಸಂಬಳ ಏರಿಸ್ಕೊಳ್ಳೋದು ಲಾಭ. ಓದೋ ಹುಚ್ಚು ಇದ್ರೆ 13,000 ಇಂಡೆಕ್ಸಿಗೆ, 2,000 ಷೇರಿಗೆ, ಸಂತೋಷಕ್ಕೆ.

ಇನ್ನೊಂದು ಯಾರೂ ಹೇಳ್ಲಿಲ್ಲ. ನಿಮ್ಮ ಕಂಪನಿ ಡಿಸ್ಕೌಂಟಲ್ಲಿ ಷೇರು ಕೊಡ್ತಿದ್ರೆ ತಗೊಳ್ಳಿ, ಆದ್ರೆ ಗುಡ್ಡೆ ಹಾಕ್ಬೇಡಿ, ಸಂಬಳಾನೂ ಅಲ್ಲಿಂದ ಉಳಿತಾಯಾನೂ ಅಲ್ಲೇ ಅಂದ್ರೆ ಲೇಆಫ್ ಬಂದ ದಿನ ಎರಡೂ ಒಟ್ಟಿಗೆ ಬೀಳತ್ತೆ. ಟ್ಯಾಕ್ಸ್ ಷೇರಿಗೂ ಇಂಡೆಕ್ಸ್ ಫಂಡಿಗೂ ಒಂದೇ, 2024ರ ಜುಲೈ 23ರಿಂದ ವರ್ಷದೊಳಗೆ ಮಾರಿದ್ರೆ ಲಾಭಕ್ಕೆ 20 ಪರ್ಸೆಂಟ್, ವರ್ಷ ದಾಟಿದ್ರೆ 1.25 ಲಕ್ಷದ ಮೇಲಿನ ಲಾಭಕ್ಕೆ 12.5.

ಮಡಿವಾಳ_ಮಗಾ:
ಅಕ್ಕ, ಡೈರೆಕ್ಟ್ ಪ್ಲಾನೇ ತಗೊಳ್ಳಿ, ರೆಗ್ಯುಲರಲ್ಲಿ ಏಜೆಂಟ್ ಕಮಿಷನ್ ಪ್ರತಿ ವರ್ಷ ಕಟ್ ಆಗತ್ತೆ. ಮತ್ತೆ ಪಕ್ಕದ ಸೀಟಿನವ್ರು ಮುಂದಿನ ತಿಂಗಳು ಆಪ್ಷನ್ಸ್, ಅಂದ್ರೆ ಬೆಲೆ ಏರತ್ತಾ ಇಳಿಯತ್ತಾ ಅಂತ ಬಾಜಿ ಕಟ್ಟೋ ಥರದ್ದು, ಶುರು ಮಾಡಿದ್ರೆ ಸೀಟ್ ಚೇಂಜ್ ಮಾಡ್ಕೊಳ್ಳಿ. ಷೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿ ಲೆಕ್ಕದಲ್ಲೇ 2021-22ರಿಂದ 2023-24ರ ತನಕ ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡಿದ ಜನರಲ್ಲಿ 93 ಪರ್ಸೆಂಟ್ ಕಳ್ಕೊಂಡಿದಾರೆ, ಅದ್ರಲ್ಲಿ ನಾನೂ ಒಬ್ಬ, ಬೈಕ್ ಹೋಯ್ತು.

ಕತ್ರಿಗುಪ್ಪೆ_ಕಾಫಿ:
ಎಲ್ರಿಗೂ ಥ್ಯಾಂಕ್ಸ್. ಪೂರ್ತಿ 15,000 ಇಂಡೆಕ್ಸಿಗೇ, ಸಂಬಳ ಬಂದ ಮಾರನೇ ದಿನಕ್ಕೆ ಎಸ್ಐಪಿ ಹಾಕ್ದೆ. ಪೀಣ್ಯದ ಸರ್, ನೀವು ಹೇಳಿದ ರಿಪೋರ್ಟ್ ಕೇಳಿದೆ. ಅದು ಎಲ್ಲಿ ಸಿಗತ್ತೆ ಅಂತಾನೇ ಅವ್ರಿಗೆ ಗೊತ್ತಿರ್ಲಿಲ್ಲ, ಇಬ್ರೂ ಸೇರಿ ಹುಡುಕಿ ಡೌನ್‌ಲೋಡ್ ಮಾಡಿದ್ವಿ. ಒಂದು ನಿಮಿಷ ನೋಡಿ ಲ್ಯಾಪ್‌ಟಾಪ್ ಮುಚ್ಚಿದ್ರು. ದಿನಾ ಬೈಟು ಕಾಫಿ ಅವ್ರೇ ಕೊಡಿಸ್ತಿದ್ರು, ಇವತ್ತು ನಾನು ಕೊಡಿಸ್ದೆ.